ಮೊದಲು ಬಿಸಿಲಿನ ದಿಕ್ಕು ನೋಡಿ

ಬದಿಯಡ್ಕದ ಹತ್ತಿರ ನಮ್ಮ ಮನೆಯ ಹಿಂದೆಯೇ ಮುರಕಲ್ಲಿನ ಪಾರೆ. ಆ ಕೆಂಪನ್ನು ನೋಡುತ್ತ ಬೆಳೆದದ್ದಕ್ಕೋ ಏನೋ, 2014ರಲ್ಲಿ ಮಂಗಳಯಾನದ ಚಿತ್ರಗಳು ಬಂದಾಗಿನಿಂದ ನನಗೆ ಮಂಗಳನ ನೆಲದ ಹುಚ್ಚು. ಅಡಿಕೆ ಸುಲಿದು ಮುಗಿದ ರಾತ್ರಿಗಳಲ್ಲಿ ಹೈರೈಸ್ ಕ್ಯಾಮೆರಾದ ಚಿತ್ರಗಳನ್ನು ಇಳಿಸಿಕೊಂಡು ನೋಡುತ್ತೇನೆ. ಅಮೆರಿಕದ ನೌಕೆಯೊಂದರಲ್ಲಿರುವ ಈ ಕ್ಯಾಮೆರಾ 2006ರಿಂದ ಸುಮಾರು 300 ಕಿ.ಮೀ. ಎತ್ತರದಲ್ಲಿ ಸುತ್ತುತ್ತಿದೆ. ಸ್ಪಷ್ಟವಾದ ಚಿತ್ರದಲ್ಲಿ ಒಂದು ಚುಕ್ಕಿ ಎಂದರೆ ನೆಲದ ಮೇಲೆ 25 ಸೆಂ.ಮೀ., ಹೆಚ್ಚುಕಡಿಮೆ ಒಂದು ಮುರಕಲ್ಲಿನ ಅಗಲ.

ಮೊದಮೊದಲು ಉಲ್ಕೆ ಬಿದ್ದ ಹೊಂಡಗಳೆಲ್ಲ ನನಗೆ ಗುಡ್ಡೆಗಳಾಗಿ ಕಾಣುತ್ತಿದ್ದವು. ಒಂದು ದಿನ ಅಕ್ಕನ ಮಗಳು ಮುದ್ರಿಸಿದ ಹಾಳೆಯನ್ನು ತಿರುಗಿಸಿ, "ಮಾವಾ, ಇದು ಹೊಂಡ ಅಲ್ವಾ?" ಅಂದಳು. ಹೌದು, ಹೊಂಡವೇ! ಬೆಳಕು ಮೇಲಿನಿಂದಲೇ ಬರುತ್ತದೆ ಎಂದು ನಮ್ಮ ಕಣ್ಣು ನಂಬಿಬಿಟ್ಟಿರುತ್ತದೆ. ಈ ನೌಕೆ ಚಿತ್ರ ತೆಗೆಯುವುದು ಅಲ್ಲಿನ ಮಧ್ಯಾಹ್ನ 3 ಗಂಟೆಯ ಆಸುಪಾಸಿನಲ್ಲಿ. ಉತ್ತರ ಮೇಲಿರುವಂತೆ ಜೋಡಿಸಿದ ಚಿತ್ರದಲ್ಲಿ ಬಿಸಿಲು ಎಡಗಡೆಯಿಂದ, ಅಂದರೆ ಪಡುವಣದಿಂದ. ಹೊಂಡವಾದರೆ ನೆರಳು ಬಿಸಿಲು ಬರುವ ಕಡೆಯ ಅಂಚಿನ ಒಳಗೆ ಇರುತ್ತದೆ, ಗುಡ್ಡೆಯಾದರೆ ಆಚೆ ಬದಿಗೆ. ಮರುದಿನ ತೆಂಗಿನ ಸಸಿಗೆ ತೆಗೆದ ಗುಂಡಿಯ ಪಕ್ಕ ನಿಂತು ಇದನ್ನು ಕಣ್ಣಾರೆ ನೋಡಿದೆ. ಈಗ ಯಾವ ಚಿತ್ರ ತೆರೆದರೂ ಮೊದಲು ಬಿಸಿಲಿಗೊಂದು ಬಾಣ ಬರೆದುಕೊಳ್ಳುತ್ತೇನೆ.

ಬಣ್ಣವನ್ನೂ ಹಾಗೆಯೇ ನಂಬಬಾರದು. ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನೂ ಸೇರಿಸಿ ಬಣ್ಣ ಕೊಡುವುದರಿಂದ ಕಪ್ಪು ಬಸಾಲ್ಟ್ ಮರಳಿನ ದಿಬ್ಬಗಳು ನೀಲಿಯಾಗಿ ತೋರುತ್ತವೆ.

ನೆರಳಿನಿಂದ ಎತ್ತರ ಅಳೆಯುವುದು ನನಗೆ ತುಂಬ ಇಷ್ಟದ ಕೆಲಸ. ಒಂದು ಬಂಡೆಯ ನೆರಳು 80 ಚುಕ್ಕಿ, ಅಂದರೆ 20 ಮೀಟರ್ ಇತ್ತು. ಚಿತ್ರದ ವಿವರದಲ್ಲಿ ಸೂರ್ಯನ ಕೋನ 60 ಡಿಗ್ರಿ ಎಂದಿತ್ತು. ಲೆಕ್ಕ ಹಾಕಿದರೆ ಎತ್ತರ 34 ಮೀಟರಿಗೂ ಹೆಚ್ಚು! ಸಂಶಯ ಬಂದು ಮತ್ತೆ ಓದಿದೆ. ಆ ಕೋನ ನೆತ್ತಿಯಿಂದ ಅಳೆದದ್ದು; ಸೂರ್ಯ ದಿಗಂತದಿಂದ ಬರೀ 30 ಡಿಗ್ರಿ ಮೇಲಿದ್ದ. ಸರಿಯಾದ ಎತ್ತರ ಸುಮಾರು 11.5 ಮೀಟರ್, ನನ್ನ ಮೊದಲ ಲೆಕ್ಕದ ಮೂರನೇ ಒಂದು ಪಾಲು. ಧೈರ್ಯಕ್ಕೆಂದು ಕೋಲಿನ ನೆರಳು ಕೋಲಿನಷ್ಟೇ ಉದ್ದವಾದ ಹೊತ್ತಿಗೆ ಅಂಗಳದ ಕಂಗಿನ ನೆರಳನ್ನೂ ಅಳೆದು, ಕೊಯ್ಲಿನ ದೋಟಿ ನಿಲ್ಲಿಸಿ ತಾಳೆ ನೋಡಿದೆ. ಸರಿಹೋಯಿತು.

ನೆರಳು ಇಳಿಜಾರಿನ ಮೇಲೆ ಬಿದ್ದರೆ ಈ ಲೆಕ್ಕ ನಡೆಯುವುದಿಲ್ಲ. ವ್ಯಾಲೆಸ್ ಮರಿನೆರಿಸ್ ಕಣಿವೆಯ ಗೋಡೆಗಳಲ್ಲಿ ಆಗುವುದು ಅದೇ. ಅಂಥ ಕಡೆ ಕೆಂಪು-ನೀಲಿ ಕನ್ನಡಕ ಹಾಕಿಕೊಂಡು, ಎರಡು ಕೋನಗಳಿಂದ ತೆಗೆದ ಜೋಡಿಚಿತ್ರ ನೋಡುತ್ತೇನೆ.