ಅಟ್ಲಾಸ್ ಬೆಟ್ಟದಿಂದ ಮೆರ್ಝೂಗಾ ಮರಳಿನವರೆಗೆ: ನಾವು 9 ದಿನ ಹೋದ ದಾರಿ

ಮೊರಾಕೊದ ಮರ್ರಾಕೆಶ್‌ನಿಂದ ಸಹಾರಾ ಅಂಚಿನ ಮೆರ್ಝೂಗಾದ ಮರಳುಗುಡ್ಡಗಳಿಗೆ ಸುಮಾರು 560 ಕಿಲೋಮೀಟರ್. ಬಹಳ ಜನ ಇದನ್ನು 3 ದಿನದ ಪ್ಯಾಕೇಜಿನಲ್ಲಿ ಹೋಗಿ ಬರುತ್ತಾರೆ. ನನ್ನ ತಮ್ಮನೂ ಹಾಗೇ ಹೋಗಿ ಬಂದಿದ್ದ. ಹೇಗಿತ್ತೋ ಅಂತ ಕೇಳಿದರೆ, "ಬರೀ ಕಿಟಕಿಯಿಂದ ನೋಡಿದ್ದೇ ಆಯ್ತಕ್ಕಾ" ಅಂದ. ಅವನ ಆ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ನಾವು ಹೋಗುವುದಾದರೆ ನಿಧಾನ ಹೋಗಬೇಕು, ಅಟ್ಲಾಸ್ ಬೆಟ್ಟದಲ್ಲಿ ಕಾಲಿಂದ ನಡೆಯಬೇಕು, ಆಮೇಲೆ ಮರಳಿಗೆ ಇಳಿಯಬೇಕು ಅಂತ ಅವತ್ತೇ ತೀರ್ಮಾನ ಮಾಡಿದೆ.

ಹೋದದ್ದು 2024ರ ಅಕ್ಟೋಬರ್‌ನಲ್ಲಿ. ನಾನು, ನಮ್ಮ ಮನೆಯವರು, ನನ್ನ ಗೆಳತಿ, ಅವಳ ಗಂಡ. ನಾಲ್ವರೂ 50 ದಾಟಿದವರು.

ಮೊದಲ ಕೆಲಸ ಗೈಡ್ ಹುಡುಕುವುದು. ಇದಕ್ಕೆ ನಾನು ಎರಡು ತಿಂಗಳು ತೆಗೆದುಕೊಂಡೆ. ಆ ಎರಡು ತಿಂಗಳು ದಂಡವಾಗಲಿಲ್ಲ. ಮೊರಾಕೊದಲ್ಲಿ ಬೆಟ್ಟದ ಗೈಡ್‌ಗಳಿಗೆ ಸರ್ಕಾರದ ಪರವಾನಗಿ ಕಾರ್ಡ್ ಇರುತ್ತದೆ. ಅವರಿಗೆ ತರಬೇತಿ ಕೊಡುವ ಕೇಂದ್ರ ಐತ್ ಬುಗೆಮೆಝ್ ಕಣಿವೆಯ ತಬಾಂತ್ ಊರಿನಲ್ಲಿದೆ. ಮೊದಲು ಮಾತಾಡಿದ ಒಂದು ಏಜೆನ್ಸಿಯವರು ಗೈಡ್ ಯಾರು ಅಂತ ಕೊನೆಯವರೆಗೂ ಹೇಳಲಿಲ್ಲ, ಅಡ್ವಾನ್ಸ್ ಮಾತ್ರ ಕೇಳುತ್ತಿದ್ದರು. ಬಿಟ್ಟೆ. ಕಡೆಗೆ ಅಟ್ಲಾಸ್ ಬೆಟ್ಟದ ಇಮ್ಲಿಲ್ ಊರಿನವರೇ ಆದ ಒಬ್ಬ ಗೈಡ್ ಸಿಕ್ಕರು. ಕೇಳುವ ಮೊದಲೇ ಕಾರ್ಡಿನ ಫೋಟೊ ಕಳಿಸಿದರು. ಆಮೇಲೆ ಅವರೇ ನನಗೆ ಪ್ರಶ್ನೆ ಕೇಳಿದರು: ಯಾರಿಗಾದರೂ ಮೊಣಕಾಲು ನೋವಿದೆಯಾ? ಏನು ತಿನ್ನುವುದಿಲ್ಲ? ಕಾರಿನಲ್ಲಿ ತಲೆ ತಿರುಗುತ್ತದಾ? ನಮ್ಮ ಬಗ್ಗೆ ಇಷ್ಟು ವಿಚಾರಿಸುವವರ ಜೊತೆ ಕಣ್ಣು ಮುಚ್ಚಿಕೊಂಡು ಹೋಗಬಹುದು ಅನ್ನಿಸಿತು.

ಗೈಡ್‌ಗೆ ದಿನಕ್ಕೆ 600 ದಿರ್ಹಾಮ್, ಹೇಸರಗತ್ತೆ ಮತ್ತು ಅದರ ಯಜಮಾನನಿಗೆ 250 ಅಂತ ಮಾತಾಯಿತು. ಆಗ ಒಂದು ದಿರ್ಹಾಮ್ ಅಂದರೆ ಎಂಟು ಚಿಲ್ಲರೆ ರೂಪಾಯಿ ಇತ್ತು. ಬೆಟ್ಟದ ಹಳ್ಳಿಗಳಲ್ಲಿ ಕಾರ್ಡ್ ನಡೆಯುವುದಿಲ್ಲ, ಮರ್ರಾಕೆಶ್‌ನಲ್ಲೇ ನಗದು ಮಾಡಿಕೊಂಡು ಹೊರಡಬೇಕು. ಇನ್ನೊಂದು ವಿಷಯ, ಡ್ರೋನ್ ಒಯ್ಯಬೇಡಿ. ಅಲ್ಲಿ ಅದಕ್ಕೆ ನಿಷೇಧವಿದೆ, ವಿಮಾನ ನಿಲ್ದಾಣದಲ್ಲೇ ಇಟ್ಟುಕೊಳ್ಳುತ್ತಾರೆ.

ಇಮ್ಲಿಲ್ ಇರುವುದು ಸುಮಾರು 1,740 ಮೀಟರ್ ಎತ್ತರದಲ್ಲಿ. ಮೇಲೆ ತೂಬ್ಕಾಲ್ ಶಿಖರ, 4,167 ಮೀಟರ್, ಉತ್ತರ ಆಫ್ರಿಕಾದಲ್ಲೇ ಎತ್ತರದ್ದು. ನಾವು ಅದನ್ನು ಹತ್ತುವ ಗೋಜಿಗೆ ಹೋಗಲಿಲ್ಲ. ಹಳ್ಳಿಯಿಂದ ಹಳ್ಳಿಗೆ ನಡೆಯುವುದಷ್ಟೇ ನಮ್ಮ ಉದ್ದೇಶ. ಅಕ್ಟೋಬರ್ ಅಂದರೆ ಅಲ್ಲಿ ವಾಲ್‌ನಟ್ ಬಡಿಯುವ ಕಾಲ. ಹೆಂಗಸರು, ಮಕ್ಕಳು ಎಲ್ಲರ ಬೆರಳೂ ಕಪ್ಪಗಿತ್ತು. ಹಸಿರು ಸಿಪ್ಪೆ ಸುಲಿದರೆ ಆ ಬಣ್ಣ ವಾರಗಟ್ಟಲೆ ಹೋಗುವುದಿಲ್ಲವಂತೆ. ಒಬ್ಬ ಅಜ್ಜಿ ನನಗೂ ನಾಲ್ಕು ಕೊಟ್ಟರು. ಸುಲಿದೆ. ಬೆಂಗಳೂರಿಗೆ ಬಂದ ಮೇಲೂ ಉಗುರಿನ ಸುತ್ತ ಕಪ್ಪು ಹಾಗೇ ಇತ್ತು.

2023ರ ಸೆಪ್ಟೆಂಬರ್ 8ರ ರಾತ್ರಿ ಇದೇ ಬೆಟ್ಟಗಳಲ್ಲಿ 6.8 ತೀವ್ರತೆಯ ಭೂಕಂಪ ಆಗಿತ್ತು. ಸುಮಾರು 2,900 ಜನ ಸತ್ತರು. ನಾವು ಹೋದಾಗ ಒಂದು ವರ್ಷ ಕಳೆದಿತ್ತು, ಆದರೂ ದಾರಿಯಲ್ಲಿ ಟೆಂಟುಗಳಲ್ಲಿ ಸಂಸಾರ ಮಾಡುತ್ತಿದ್ದವರನ್ನು ಕಂಡೆವು. ಹೋಗಲೋ ಬೇಡವೋ ಅಂತ ಹೊರಡುವ ಮೊದಲು ಗೈಡ್‌ರನ್ನು ಕೇಳಿದ್ದೆ. "ಬನ್ನಿ. ನೀವು ಬಂದರೆ ಹೇಸರಗತ್ತೆಗೂ ಕೆಲಸ, ಒಲೆಗೂ ಕೆಲಸ" ಅಂದಿದ್ದರು.

ಎರಡನೇ ದಿನ ಸುಮಾರು 2,500 ಮೀಟರ್ ಎತ್ತರದ ತಿಝಿ ಮ್ಝಿಕ್ ದಾಟಿದೆವು. "ತಿಝಿ" ಅಂದರೆ ಅಲ್ಲಿಯವರ ಭಾಷೆಯಲ್ಲಿ ಕಣಿವೆ ಹಾದಿ, ನಮ್ಮ ಘಾಟಿ ಇದ್ದ ಹಾಗೆ. ಹತ್ತುವಾಗ ತೊಂದರೆ ಆಗಲಿಲ್ಲ, ಇಳಿಯುವಾಗ ನಮ್ಮ ಮನೆಯವರ ಮೊಣಕಾಲು ಊದಿಕೊಂಡಿತು. ಗೈಡ್ ಒಂದು ಮಾತೂ ಆಡದೆ ಹೇಸರಗತ್ತೆಯ ಮೇಲಿನ ಅರ್ಧ ಸಾಮಾನು ಇಳಿಸಿ ತಾವೇ ಹೊತ್ತರು, ಇವರನ್ನು ಮೇಲೆ ಕೂರಿಸಿದರು. ಸಾಮಾನಿಗೆ ಬೇಕಾಗುವುದಕ್ಕಿಂತ ಒಂದು ಪ್ರಾಣಿ ಜಾಸ್ತಿ ಇರಲಿ ಅಂತ ಅವರು ಮೊದಲೇ ಹೇಳಿದ್ದರು. ಖರ್ಚು ಉಳಿಸೋಣ ಅಂತ ನಾನೇ ಬೇಡ ಅಂದಿದ್ದೆ. ನೀವು ಹೋದರೆ ಬೇಡ ಅನ್ನಬೇಡಿ.

ಅವತ್ತು ರಾತ್ರಿ ತಿಝಿ ಉಸ್ಸೆಮ್ ಹಳ್ಳಿಯಲ್ಲಿ ಉಳಿದೆವು. ನಾವು ಇಬ್ಬರು ಸಸ್ಯಾಹಾರಿಗಳು. ಮಣ್ಣಿನ ಪಾತ್ರೆಯಲ್ಲಿ ಬೇಯಿಸಿದ ತರಕಾರಿ ತಾಜಿನ್, ಬಾರ್ಲಿ ರೊಟ್ಟಿ, ಆಲಿವ್ ಎಣ್ಣೆ, ಅವರೆ ಜಾತಿಯ ಕಾಳಿನ ಬಿಸಾರ ಅನ್ನುವ ಗಟ್ಟಿ ಸೂಪ್, ಶುಕ್ರವಾರ ಗೋಧಿ ರವೆಯ ಕುಸ್ಕುಸ್. ಹಸಿದು ಮಲಗಿದ್ದು ಒಂದು ದಿನವೂ ಇಲ್ಲ. ಆದರೆ "ಮಾಂಸ ಬೇಡ" ಅಂದರೆ ಸಾಲದು, "ಮಾಂಸದ ಜೊತೆ ಬೇಯಿಸಿದ ತರಕಾರಿಯೂ ಬೇಡ" ಅಂತ ಬಿಡಿಸಿ ಹೇಳಬೇಕು. ನಾನು ಬೀದರ್‌ನಿಂದ ಅಮ್ಮ ಕಳಿಸಿದ್ದ ಶೇಂಗಾ ಹಿಂಡಿ ಒಯ್ದಿದ್ದೆ. ಹೇಸರಗತ್ತೆಯ ಯಜಮಾನ ಅದನ್ನು ಆಲಿವ್ ಎಣ್ಣೆಯಲ್ಲಿ ಕಲಸಿ ಬಾರ್ಲಿ ರೊಟ್ಟಿಗೆ ಹಚ್ಚಿಕೊಂಡು ತಿಂದ. ಮರುದಿನ ಬೆಳಿಗ್ಗೆ ಚೀಲ ಕಟ್ಟುವಾಗ ಡಬ್ಬಿ ಕಡೆ ಕೈ ತೋರಿಸಿ ನಕ್ಕ. ಡಬ್ಬಿಯನ್ನೇ ಕೊಟ್ಟುಬಿಟ್ಟೆ.

ಇಲ್ಲೊಂದು ಮಾತು. "ಬರ್ಬರ್" ಅನ್ನುವ ಹೆಸರು ಈ ಬೆಟ್ಟದ ಜನರಿಗೆ ಹೊರಗಿನವರು ಇಟ್ಟದ್ದು. ಅವರು ತಮ್ಮನ್ನು ಕರೆದುಕೊಳ್ಳುವುದು ಇಮಾಝಿಘೆನ್ ಅಂತ, ಒಬ್ಬರಾದರೆ ಅಮಾಝಿಘ್. ಸ್ವತಂತ್ರ ಜನ ಅಂತ ಅದರ ಅರ್ಥ ಹೇಳುತ್ತಾರೆ. ಅವರ ಭಾಷೆಗೆ 2011ರ ಸಂವಿಧಾನದಲ್ಲಿ ಅರಬ್ಬಿ ಜೊತೆ ಅಧಿಕೃತ ಸ್ಥಾನ ಸಿಕ್ಕಿತು. ತಿಫಿನಾಘ್ ಅನ್ನುವ ಅವರದೇ ಲಿಪಿ ಈಗ ಶಾಲೆ, ಕಚೇರಿಗಳ ಬೋರ್ಡ್ ಮೇಲೆ ಕಾಣುತ್ತದೆ. ಅವರ ಹೊಸ ವರ್ಷಕ್ಕೆ ಮೊದಲ ಸಲ ಸರ್ಕಾರಿ ರಜೆ ಸಿಕ್ಕಿದ್ದು 2024ರಲ್ಲಿ, ಜನವರಿ 14ಕ್ಕೆ. ನಮ್ಮ ಸಂಕ್ರಾಂತಿ ಹೊತ್ತಿಗೇ ಅಲ್ವಾ ಅಂದಾಗ ಗೈಡ್‌ಗೆ ಬಹಳ ಖುಷಿಯಾಯಿತು. ಭೇಟಿಯಾದಾಗ "ಅಝುಲ್", ಹೊರಡುವಾಗ "ತನೆಮ್ಮಿರ್ತ್", ಧನ್ಯವಾದ ಅಂತ. ಈ ಎರಡು ಪದ ಕಲಿತು ಹೋಗಿ ಸಾಕು, ಮುಖಗಳು ಅರಳುತ್ತವೆ. ಅವರು ನನ್ನನ್ನು "ಲಲ್ಲಾ" ಅಂತ ಕರೆಯುತ್ತಿದ್ದರು. ನಮ್ಮ ಕಡೆ ಅಕ್ಕೋರು ಅನ್ನುತ್ತೇವಲ್ಲ, ಅದೇ ಧಾಟಿ.

ಮೂರನೇ ದಿನ ಅಝ್ಝದೆನ್ ಕಣಿವೆ ಹಿಡಿದು ವಿರ್ಗಾನ್ ಕಡೆಗೆ ಇಳಿದೆವು. ಇಡೀ ದಾರಿ ಪಕ್ಕದಲ್ಲಿ ಒಂದು ಸಣ್ಣ ಕಾಲುವೆ, ಒಂದು ಮೊಳ ಅಗಲ ಇದ್ದೀತು. ಅದನ್ನು "ತರ್ಗಾ" ಅನ್ನುತ್ತಾರೆ. ಹತ್ತು ಹನ್ನೆರಡು ವರ್ಷದ ಹುಡುಗ ಸನಿಕೆಯಿಂದ ಬದು ಒಡೆದು ಮೆಟ್ಟಿಲು ಹೊಲಕ್ಕೆ ನೀರು ಬಿಟ್ಟ. ಹಳೇ ಬಟ್ಟೆ, ಹುಲ್ಲು, ಮಣ್ಣು ಸೇರಿಸಿ ಮುಂದಿನ ಬಾಯಿ ಮುಚ್ಚಿದ. ಆಮೇಲೆ ಸುಮ್ನೆ ಬಂಡೆ ಮೇಲೆ ಕೂತು ಕಾದ. ಅವರ ಮನೆಯ ಪಾಳಿ ಮುಗಿಯುತ್ತಿದ್ದಂತೆ ಎದ್ದು ಹೋಗಿ ಬದು ಕಟ್ಟಿದ. ಮೇಲಿನ ಹೊಲದವರು ಯಾರೂ ಅಲ್ಲಿ ನಿಂತು ಕಾಯುತ್ತಿರಲಿಲ್ಲ. ಪಾಳಿ ಯಾರದು, ಎಷ್ಟು ಹೊತ್ತು ಅಂತ ಎಲ್ಲರಿಗೂ ಗೊತ್ತು. ನಾನು ಅಲ್ಲಿಂದ ಮುಂದೆ ನೋಡಿದ್ದೆಲ್ಲ ನೀರನ್ನೇ.

ನಾಲ್ಕನೇ ದಿನ ಕಾರಿನಲ್ಲಿ 2,260 ಮೀಟರ್ ಎತ್ತರದ ತಿಝಿ ನ್ ತಿಚ್ಕಾ ಹತ್ತಿದೆವು. ತಿರುವು ಬಹಳ, ವಾಂತಿ ಮಾತ್ರೆ ಇಟ್ಟುಕೊಳ್ಳಿ. ಘಾಟಿಯ ತುದಿಯಲ್ಲಿ ಎಲ್ಲರೂ ಫೋಟೊ ತೆಗೆಯುತ್ತಾರೆ. ನಮ್ಮ ಗೈಡ್ ಎರಡೂ ಕಡೆ ಕೈ ತೋರಿಸಿ ಹೇಳಿದರು: "ಈ ಕಡೆ ಬಿದ್ದ ನೀರು ಸಮುದ್ರದ ಹಾದಿ ಹಿಡಿಯುತ್ತದೆ. ಆ ಕಡೆ ಬಿದ್ದದ್ದು ಮರಳಿನ ಕಡೆ ಹೋಗುತ್ತದೆ." ಅಟ್ಲಾಂಟಿಕ್ ಕಡೆಯಿಂದ ಬರುವ ಮೋಡವನ್ನು ಈ ಬೆಟ್ಟಸಾಲು ತಡೆಯುತ್ತದೆ. ಉತ್ತರದ ಇಳಿಜಾರಿನಲ್ಲಿ ಮರ ಗಿಡ, ದಕ್ಷಿಣಕ್ಕೆ ತಿರುಗಿದರೆ ಕೆಂಪು ಕಲ್ಲು, ಬೋಳು ಗುಡ್ಡ. ನಮ್ಮ ಪಶ್ಚಿಮ ಘಟ್ಟ ದಾಟಿ ಬಯಲುಸೀಮೆಗೆ ಬಂದಂತೆ, ಆದರೆ ಇಲ್ಲಿ ವ್ಯತ್ಯಾಸ ಇನ್ನೂ ಕಠೋರ.

ಐತ್ ಬೆನ್‌ಹದ್ದು ಬಗ್ಗೆ ಎಲ್ಲರೂ ಬರೆಯುತ್ತಾರೆ. 1987ರಿಂದ ಯುನೆಸ್ಕೊ ಪಟ್ಟಿಯಲ್ಲಿರುವ ಮಣ್ಣಿನ ಕೋಟೆ ಹಳ್ಳಿ. ಒಂದೇ ಸಲಹೆ ಕೊಡುತ್ತೇನೆ: ಅಲ್ಲೇ ರಾತ್ರಿ ಉಳಿದು, ಬಸ್ಸುಗಳು ಬರುವ ಮೊದಲು ಬೆಳಿಗ್ಗೆ ಹೋಗಿ. ಮುಂದೆ ವರ್ಝಾಝಾತ್, ಸ್ಕೂರಾದ ಖರ್ಜೂರದ ತೋಟಗಳು, ಆಮೇಲೆ ತಿಂಘೀರ್. ಅಲ್ಲಿ ತೋದ್ರಾ ಕಮರಿಯಲ್ಲಿ 300 ಮೀಟರ್‌ವರೆಗೆ ಏಳುವ ಎರಡು ಗೋಡೆಗಳ ನಡುವೆ ತಣ್ಣನೆ ನೀರು ಹರಿಯುತ್ತದೆ. ಅಲ್ಲಿ ಒಂದು ಇಡೀ ದಿನ ಕಾರು ಮುಟ್ಟಲಿಲ್ಲ. ನೀರಿನ ಜೊತೆ ತೋಟದಲ್ಲಿ ನಡೆದೆವು. ಮೇಲೆ ಖರ್ಜೂರ, ಅದರ ಕೆಳಗೆ ದಾಳಿಂಬೆ, ಅಂಜೂರ, ಅದರ ಕೆಳಗೆ ಕುದುರೆಮೆಂತ್ಯ, ತರಕಾರಿ. ಒಂದರ ನೆರಳಲ್ಲಿ ಇನ್ನೊಂದು. ನಮ್ಮ ಅಡಿಕೆ ತೋಟದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಏಳನೇ ದಿನದ ಬೆಳಗ್ಗೆ ಈ ಪ್ರವಾಸದಲ್ಲೇ ನನಗೆ ಅತಿ ಮುಖ್ಯ. ತಿಂಘೀರ್‌ನಿಂದ ಎರ್ಫೂದ್ ಕಡೆ ಹೋಗುವಾಗ ಜೋರ್ಫ್ ಹತ್ತಿರ ಬಯಲಿನಲ್ಲಿ ಮಣ್ಣಿನ ಗುಡ್ಡೆಗಳ ಸಾಲು ಕಾಣುತ್ತದೆ. ದೊಡ್ಡ ಹುತ್ತಗಳನ್ನು ಒಂದೇ ಗೆರೆಯಲ್ಲಿ ಇಟ್ಟ ಹಾಗೆ, ಕಣ್ಣು ಹಾಯುವಷ್ಟು ದೂರ. ಗೈಡ್ ಬಾಯಿ ತೆರೆಯುವ ಮೊದಲೇ ನಾನು "ಸುರಂಗ ಬಾವಿ!" ಅಂತ ಕೂಗಿದೆ. ನಾನು ಬೆಳೆದದ್ದು ಬೀದರ್‌ನ ನೌಬಾದ್ ಹತ್ತಿರ. ಅಲ್ಲಿ ಬಹಮನಿ ಕಾಲದ ಕರೇಝ್ ಇದೆ. ಆ ಬಾವಿಗಳ ಬಾಯಿಗೆ ಬಗ್ಗಿ ಕಲ್ಲು ಹಾಕುತ್ತಾ ಆಡಿದವಳು ನಾನು. ಮೊರಾಕೊದಲ್ಲಿ ಇದಕ್ಕೆ ಖೆತ್ತಾರ ಅನ್ನುತ್ತಾರೆ.

ಕೆಲಸ ಮಾಡುವ ರೀತಿ ಎರಡೂ ಕಡೆ ಒಂದೇ. ಎತ್ತರದ ಜಾಗದಲ್ಲಿ ಅಂತರ್ಜಲ ಸಿಗುವವರೆಗೆ ಒಂದು ತಾಯಿ ಬಾವಿ. ಅಲ್ಲಿಂದ ತೀರಾ ಸಣ್ಣ ಇಳಿಜಾರಿನಲ್ಲಿ ನೆಲದೊಳಗೆ ಸುರಂಗ. ಗಾಳಿಗೆ, ಹೂಳು ತೆಗೆಯುವುದಕ್ಕೆ ನಡುನಡುವೆ ಬಾವಿ. ನೀರು ತಾನಾಗಿ ಹರಿದು ಊರಿನ ಹತ್ತಿರ ಹೊರಗೆ ಬರುತ್ತದೆ. ಪಂಪು ಬೇಡ, ಎತ್ತು ಬೇಡ. ಬಿಸಿಲಿಗೆ ಆವಿಯಾಗುವ ಭಯವೂ ಇಲ್ಲ. ಮೇಲೆ ಕಾಣುವ ಗುಡ್ಡೆ ಅಂದರೆ ಅಗೆದು ಹಾಕಿದ ಮಣ್ಣು.

ಒಂದು ಕಡೆ ಮೆಟ್ಟಿಲು ಇಳಿದು ಒಳಗೆ ಹೋಗಬಹುದು. ಮೇಲೆ ಬಿಸಿಲು ಚುರುಗುಟ್ಟುತ್ತಿತ್ತು, ಹತ್ತು ಮೆಟ್ಟಿಲು ಇಳಿದರೆ ತಂಪು. ಗೋಡೆಯ ಮೇಲೆ ಹಾರೆಯ ಗುರುತುಗಳು ಹಾಗೇ ಇವೆ. ಕೈ ಇಟ್ಟು ನೋಡಿದೆ, ನನ್ನ ಅಂಗೈ ಅಗಲದ ಏಟುಗಳು. ಒಬ್ಬ ಮನುಷ್ಯ ಬಗ್ಗಿ ಕೂತು ಅಗೆಯುವಷ್ಟೇ ಜಾಗ. ಕೆಳಗೆ ನೀರು ಇರಲಿಲ್ಲ, ಒಣ ಮಣ್ಣು. 1971ರಲ್ಲಿ ಝಿಝ್ ನದಿಗೆ ಹಸನ್ ಅದ್ದಾಖಿಲ್ ಅಣೆಕಟ್ಟು ಬಂತು, ಆಮೇಲೆ ಎಲ್ಲ ಕಡೆ ಮೋಟಾರು ಪಂಪು ಬಂತು. ಅಂತರ್ಜಲ ಸುರಂಗಕ್ಕಿಂತ ಕೆಳಗೆ ಇಳಿದರೆ ಖೆತ್ತಾರ ಸತ್ತ ಹಾಗೆ. ನನ್ನ ಗಂಟಲು ಕಟ್ಟಿತು. ನಮ್ಮೂರಿನ ಸುರಂಗದಲ್ಲೂ ಹೂಳು, ಕಸ ತುಂಬಿದ್ದನ್ನು ಕಂಡವಳು ನಾನು. ಗೈಡ್ ಮೆಲ್ಲಗೆ "ಅಮನ್ ಇಮನ್" ಅಂದರು. ಸಹಾರಾದ ಜನರ ಮಾತು. ನೀರೇ ಜೀವ ಅಂತ. ಬೆಟ್ಟದ ಅವರ ತಶೆಲ್ಹಿತ್ ನುಡಿ ಬೇರೆ, ಇಲ್ಲಿಯವರ ಆಡುನುಡಿ ಬೇರೆ, ಆದರೆ ನೀರಿಗೆ ಎರಡು ಕಡೆಯೂ "ಅಮನ್" ಎಂದೇ ಹೇಳುತ್ತಾರೆ.

ರಿಸ್ಸಾನಿ ಸಂತೆಯಲ್ಲಿ ಹೊಸ ಖರ್ಜೂರದ ರಾಶಿ. ಮಂಗಳವಾರ, ಗುರುವಾರ, ಭಾನುವಾರ ಸಂತೆ, ಆ ದಿನ ನೋಡಿಕೊಂಡು ಹೋಗಿ. ಅಲ್ಲೇ 5 ಮೀಟರ್ ಹತ್ತಿ ಬಟ್ಟೆ ಕೊಂಡು ತಲೆಗೆ ಸುತ್ತಿಸಿಕೊಂಡೆವು. ನಮ್ಮ ಕಡೆ ರುಮಾಲು ಸುತ್ತುವವರಿಗೆ ಒಂದೇ ಸಲಕ್ಕೆ ಬರುತ್ತದೆ. ಮೂಗು ಬಾಯಿ ಮುಚ್ಚುವಂತೆ ಒಂದು ಸೆರಗು ಉಳಿಸಿಕೊಳ್ಳಬೇಕು, ಅಷ್ಟೇ.

ಮೆರ್ಝೂಗಾದಲ್ಲಿ ಮರುಭೂಮಿಯ ಹುಡುಗರು ನಮ್ಮನ್ನು ಕರೆದುಕೊಂಡರು. ನಮ್ಮ ಗೈಡ್ ಜೊತೆಗಿದ್ದರೂ ಹಿಂದೆ ಸರಿದು ನಿಂತರು. "ಬೆಟ್ಟ ನನ್ನದು, ಮರಳು ಅವರದು" ಅಂದರು. ಒಂಟೆ ಏಳುವಾಗ ಮೊದಲು ಹಿಂಗಾಲು ಎತ್ತುತ್ತದೆ, ಆಗ ನಾವು ಹಿಂದಕ್ಕೆ ವಾಲಬೇಕು. ಇಳಿಜಾರಿನಲ್ಲೂ ಹಾಗೇ. ಮೊಣಕಾಲು ನೋವಿದ್ದವರು ಒಂಟೆ ಹತ್ತದಿರುವುದೇ ಒಳ್ಳೆಯದು, ನಮ್ಮ ಮನೆಯವರು ಜೀಪಿನಲ್ಲಿ ಬಂದರು. ರಾತ್ರಿ ಚಳಿ ಇರುತ್ತದೆ, ಉಲ್ಲನ್ ಟೊಪ್ಪಿ ಬೇಕೇ ಬೇಕು.

ಮರುದಿನ ಬೆಳಿಗ್ಗೆ ಸೂರ್ಯೋದಯಕ್ಕೆ ದಿಬ್ಬ ಹತ್ತುವ ಬದಲು ಹುಡುಗರು ನಮ್ಮನ್ನು ಬೇರೆ ಕಡೆ ಕರೆದುಕೊಂಡು ಹೋದರು. ಆ ಸೆಪ್ಟೆಂಬರ್‌ನಲ್ಲಿ ಮೊರಾಕೊದ ಆಗ್ನೇಯ ಭಾಗದಲ್ಲಿ ಭಾರಿ ಮಳೆ ಬಂದಿತ್ತು. ಪ್ರವಾಹದಲ್ಲಿ ಸಾವುಗಳೂ ಆಗಿದ್ದವು. ಆರು ವರ್ಷದ ಬರದ ಮೇಲೆ ಬಂದ ಮಳೆ. ದಿಬ್ಬ ಇಳಿದರೆ ಎದುರಿಗೆ ಕೆರೆ. ಯಾಸ್ಮಿನಾ ಅಂತ ಹೆಸರು. ಕಿತ್ತಳೆ ಬಣ್ಣದ ಮರಳಗುಡ್ಡ ನೀರಿನಲ್ಲಿ ತಲೆಕೆಳಗಾಗಿ ಕಾಣುತ್ತಿತ್ತು. ದಡದಲ್ಲಿ ಊರಿನ ಹೆಂಗಸರು ಮಕ್ಕಳನ್ನು ಕರೆದುಕೊಂಡು ಬಂದಿದ್ದರು. ಮಕ್ಕಳು ನೀರಿನ ಅಂಚಿನಲ್ಲಿ ಓಡಿ ಓಡಿ ಬರುತ್ತಿದ್ದವು.

ಗೈಡ್ ಹದಿನೈದು ವರ್ಷದಿಂದ ಇಲ್ಲಿಗೆ ಜನರನ್ನು ಕರೆತರುತ್ತಿದ್ದಾರೆ. ಇಷ್ಟು ನೀರು ಕಂಡದ್ದು ಮೊದಲ ಸಲ. ಶೂ ಬಿಚ್ಚಿ, ಪ್ಯಾಂಟು ಮಡಚಿ ಮೊಣಕಾಲು ಮಟ್ಟಕ್ಕೆ ಇಳಿದರು. ಜೇಬಿನಿಂದ ಫೋನ್ ತೆಗೆದು ಇಮ್ಲಿಲ್‌ನಲ್ಲಿದ್ದ ತಾಯಿಗೆ ವಿಡಿಯೊ ಕಾಲ್ ಮಾಡಿದರು. ಫೋನನ್ನು ಮರಳಿನ ಕಡೆ ತಿರುಗಿಸಿದರು, ಆಮೇಲೆ ತಮ್ಮ ಕಾಲಿನ ಕಡೆ. ಆ ಕಡೆಯಿಂದ ಅಮ್ಮ ಏನೋ ಕೇಳುತ್ತಲೇ ಇದ್ದರು. ಇವರು "ಅಮನ್, ಅಮನ್" ಅನ್ನುತ್ತಾ ಬೊಗಸೆಯಲ್ಲಿ ನೀರು ಎತ್ತಿ ಎತ್ತಿ ತೋರಿಸುತ್ತಿದ್ದರು.