ಸ್ಪ್ರಿಂಗ್ ಬ್ರೇಕಲ್ಲಿ ನ್ಯೂ ಆರ್ಲಿಯನ್ಸ್‌ಗೆ ಹೋಗಿ ಮನೆ ಕಟ್ಟೋ ಕೆಲಸ ಮಾಡಿದ್ದು: ನನ್ನ ಅನುಭವ

ಅಮೆರಿಕಕ್ಕೆ ಎಂಎಸ್ ಮಾಡೋಕೆ ಬಂದಿರೋ ನಮ್ಮ ಕಡೆ ಹುಡುಗ್ರು ಹುಡುಗೀರು ಕೇಳ್ತಾನೇ ಇರ್ತಾರೆ, ಮಾರ್ಚಲ್ಲಿ ಸಿಗೋ ಒಂದು ವಾರ ರಜೆಲಿ ಎಲ್ಲಿಗ್ ಹೋಗೋದು ಅಂತ. ನಾನು ಹೇಳೋದು ಒಂದೇ, ನಿಮ್ಮ ಯೂನಿವರ್ಸಿಟಿಲಿ ಆಲ್ಟರ್ನೇಟಿವ್ ಬ್ರೇಕ್ ಅಂತ ಇದ್ಯಾ ನೋಡಿ, ಇದ್ರೆ ಹೆಸರು ಕೊಡಿ. ಸ್ಟೂಡೆಂಟ್ಸೇ ಗುಂಪು ಕಟ್ಕೊಂಡು ಇನ್ನೊಂದು ಊರಿಗೆ ಹೋಗಿ ಅಲ್ಲಿನ ಸಂಸ್ಥೆ ಜೊತೆ ಆ ವಾರ ದುಡೀತಾರೆ, ಟ್ರಿಪ್ಪಲ್ಲಿ ಕುಡಿಯೋ ಹಾಗಿಲ್ಲ. ನಾನು ಓದ್ತಿದ್ದ ಇಲಿನಾಯಿಂದ ನ್ಯೂ ಆರ್ಲಿಯನ್ಸಿಗೆ ಮೊದಲು ಸುಮ್ನೆ ಮೆಂಬರ್ ಆಗಿ ಹೋದೆ, ಮುಂದಿನ ವರ್ಷ ಲೀಡರ್ ಆಗಿ ಬೇರೆಯವ್ರನ್ನ ಕರ್ಕೊಂಡು ಹೋದೆ.

ಮೈಸೂರಲ್ಲಿ ಡಿಗ್ರಿ ಓದುವಾಗ ಎನ್‌ಎಸ್‌ಎಸ್‌ನಲ್ಲಿದ್ದೆ, ಏಳು ದಿನದ ಕ್ಯಾಂಪಲ್ಲಿ ಚರಂಡಿ ತೆಗೆದು, ಶಾಲೆಗೆ ಸುಣ್ಣ ಹೊಡೆದು ಬಂದವಳು ನಾನು, ಹಾಗಾಗಿ ಶ್ರಮದಾನ ಹೊಸದೇನಲ್ಲ. ಅಲ್ಲಿ ಎಲ್ಲಾ ಪ್ರೋಗ್ರಾಂ ಆಫೀಸರ್ ಸರ್ ನೋಡ್ಕೋತಿದ್ರು. ಇಲ್ಲಿ ಹಾಗಲ್ಲ, ಇಬ್ಬರು ಸ್ಟೂಡೆಂಟ್ ಲೀಡರ್‌ಗಳೇ ಸಂಸ್ಥೆ ಜೊತೆ ಮಾತಾಡೋದು, ವ್ಯಾನ್ ಬುಕ್ ಮಾಡೋದು, ದುಡ್ಡು ಎತ್ತೋದು, ದಿನಸಿ ಲಿಸ್ಟ್ ಮಾಡೋದು, ಎಲ್ಲಾ.

ವೀಸಾ ವಿಷಯ ಎಲ್ಲರೂ ಕೇಳ್ತಾರೆ. ಸಂಬಳ ಇಲ್ದೆ ಚಾರಿಟಿಲಿ ವಾಲಂಟಿಯರ್ ಆಗೋಕೆ ಎಫ್-1 ಅಂದ್ರೆ ಸ್ಟೂಡೆಂಟ್ ವೀಸಾದವ್ರಿಗೆ ಅಡ್ಡಿ ಇಲ್ಲ, ಆದ್ರೂ ನಾನು ಇಂಟರ್‌ನ್ಯಾಷನಲ್ ಸ್ಟೂಡೆಂಟ್ ಆಫೀಸಿಗೆ ಒಂದು ಮೇಲ್ ಹಾಕಿ ಕೇಳ್ಕೊಂಡೇ ಹೋದೆ, ನೀವೂ ಕೇಳ್ಕೊಳ್ಳಿ.

ಈಗ ಮುಖ್ಯವಾದ್ದು. ಹೊರಡೋಕೆ ಮುಂಚೆ ವಾರ ವಾರ ಮೀಟಿಂಗ್ ಇರುತ್ತೆ, ಅದನ್ನ ತಪ್ಪಿಸ್ಬೇಡಿ. ನಾನು ಲೀಡರ್ ಆದಾಗ ಆ ಮೀಟಿಂಗ್‌ಗಳನ್ನೆಲ್ಲ ಆ ಊರಿನ ಕಥೆಗೇ ಇಟ್ಟೆ. 2005ರ ಆಗಸ್ಟ್ 29ಕ್ಕೆ ಕತ್ರಿನಾ ಚಂಡಮಾರುತ ಬಂದಾಗ ಒಡ್ಡುಗಳು ಒಡೆದು ನ್ಯೂ ಆರ್ಲಿಯನ್ಸ್‌ನ ಸುಮಾರು 80 ಪರ್ಸೆಂಟ್ ನೀರಲ್ಲಿ ಮುಳುಗ್ತು, ಲೋವರ್ ನೈನ್ತ್ ವಾರ್ಡ್ ಅನ್ನೋ ಏರಿಯಾದಲ್ಲಿ ಕೆನಾಲ್ ಗೋಡೆ ಒಡೆದು ಮನೆಗಳು ಅಡಿಪಾಯದಿಂದಲೇ ಕಿತ್ತು ಹೋದ್ವು. ಅಷ್ಟು ಎಲ್ಲರಿಗೂ ಗೊತ್ತು. ಗೊತ್ತಿಲ್ದೇ ಇರೋದು ಆಮೇಲಿನದ್ದು, ಮನೆ ಹಾಳಾದವ್ರಿಗೆ ಮತ್ತೆ ಕಟ್ಕೊಳ್ಳೋಕೆ ದುಡ್ಡು ಕೊಡೋ ಸರ್ಕಾರದ ರೋಡ್ ಹೋಮ್ ಯೋಜನೆಲಿ ಪರಿಹಾರ ಲೆಕ್ಕ ಹಾಕುವಾಗ ಮನೆ ಮತ್ತೆ ಕಟ್ಟೋ ಖರ್ಚು, ಪ್ರವಾಹಕ್ಕೆ ಮುಂಚೆ ಆ ಮನೆಗಿದ್ದ ಮಾರ್ಕೆಟ್ ಬೆಲೆ, ಇವೆರಡರಲ್ಲಿ ಯಾವುದು ಕಮ್ಮಿಯೋ ಅದನ್ನ ಹಿಡಿದ್ರು. ಕರಿಯರ ಏರಿಯಾಗಳಲ್ಲಿ ಮನೆ ಬೆಲೆ ಮೊದಲೇ ಕಮ್ಮಿ ಇತ್ತಲ್ಲ, ಅದಕ್ಕೇ ಬೇರೆ ಏರಿಯಾದವ್ರಷ್ಟೇ ಹಾನಿ ಆಗಿದ್ರೂ ಅವ್ರ ಕೈಗೆ ಬಂದಿದ್ದು ಕಮ್ಮಿ. ಇದ್ರ ಮೇಲೆ 2008ರಲ್ಲಿ ಕೇಸ್ ಹಾಕಿದ್ರು, 2011ರಲ್ಲಿ ರಾಜಿ ಆಯ್ತು. ಇದು ತಿಳ್ಕೊಂಡು ಹೋದವ್ರು ಅಲ್ಲಿ ಖಾಲಿ ಸೈಟಲ್ಲಿ ಹುಲ್ಲು ಬೆಳ್ದಿರೋದು ನೋಡಿ 'ಇವ್ರು ಯಾಕೆ ಇನ್ನೂ ಕಟ್ಕೊಂಡಿಲ್ಲ' ಅಂತ ಕೇಳಲ್ಲ.

ನಮಗೆ ಸಿಕ್ಕಿದ್ದು ಹ್ಯಾಬಿಟಾಟ್ ಫಾರ್ ಹ್ಯುಮ್ಯಾನಿಟಿ ಅನ್ನೋ, ಕಮ್ಮಿ ಆದಾಯದವ್ರಿಗೆ ವಾಲಂಟಿಯರ್ ಜೊತೆ ಸೇರಿ ಮನೆ ಕಟ್ಟೋ ಸಂಸ್ಥೆಯ ಮನೆ. ಕಂಬಗಳ ಮೇಲೆ ಎತ್ತರಕ್ಕೆ ಎತ್ತಿ ಕಟ್ಟಿರೋ ಮರದ ಮನೆ, ಹೊರಗೋಡೆಗೆ ಸೈಡಿಂಗ್, ಅಂದ್ರೆ ಗೋಡೆ ಮುಚ್ಚೋ ಹಲಗೆ, ಹೊಡೆಯೋ ಕೆಲಸ. ಸಿಮೆಂಟ್ ಫೈಬರ್ ಹಲಗೆ ಅದು, ಉದ್ದ ಇರುತ್ತೆ, ಒಂದೇ ಕಡೆ ಹಿಡಿದ್ರೆ ಮುರಿಯುತ್ತೆ, ಇಬ್ಬರು ಎರಡು ತುದಿ ಹಿಡಿದು ಎತ್ಬೇಕು. ಕೆಳಗಿಂದ ಶುರು ಮಾಡಿ ಮೇಲಿನ ಹಲಗೆ ಕೆಳಗಿನದ್ರ ಮೇಲೆ ಒಂದು ಇಂಚಿಗಿಂತ ಸ್ವಲ್ಪ ಜಾಸ್ತಿ ಕೂರೋ ಹಾಗೆ ಇಡ್ತಾ ಹೋಗೋದು, ಮಳೆ ನೀರು ಒಳಗೆ ಇಳಿಯದ ಹಾಗೆ, ನಮ್ಮೂರ ಮನೆ ಹೆಂಚಿನ ಥರಾನೇ. ಗೋಡೆ ಒಳಗೆ ನೆಟ್ಟಗೆ ನಿಂತಿರೋ ಮರದ ಪಟ್ಟಿ, ಸ್ಟಡ್ ಅಂತಾರೆ, 16 ಇಂಚಿಗೊಂದು ಇರುತ್ತೆ, ಮೊಳೆ ಅದಕ್ಕೇ ಬೀಳ್ಬೇಕು, ಆಚೀಚೆ ಹೊಡೆದ್ರೆ ಹಿಡಿಯಲ್ಲ. ಹಲಗೆ ಕತ್ತರಿಸುವಾಗ ಬರೋ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು, ಮಾಸ್ಕ್ ಹಾಕ್ದೆ ಹತ್ರ ಹೋಗ್ಲೇಬೇಡಿ.

ಆ ಮನೆ ಬರೋದು ಯಾರಿಗೋ ಆ ಹೆಂಗಸು ನಮ್ಮ ಜೊತೆನೇ ಸುತ್ತಿಗೆ ಹಿಡಿದು ನಿಂತಿದ್ರು. ಹ್ಯಾಬಿಟಾಟ್ ಮನೆ ಫ್ರೀ ಅಲ್ಲ, ತಿಂಗಳು ತಿಂಗಳು ಸಾಲದ ಕಂತು ಕಟ್ಬೇಕು, ಅದ್ರ ಜೊತೆಗೆ ತಮ್ಮ ಮನೆಗೂ ಬೇರೆಯವ್ರ ಮನೆಗೂ ಗಂಟೆಗಟ್ಲೆ ಕೆಲಸ ಮಾಡಿಕೊಡ್ಬೇಕು. ಅವ್ರು ಆಸ್ಪತ್ರೆಲಿ ನೈಟ್ ಶಿಫ್ಟ್ ಮುಗ್ಸಿ ಸೀದಾ ಸೈಟಿಗೆ ಬರ್ತಿದ್ರು. ಆ ಊರಲ್ಲಿ ಎಲ್ಲರನ್ನೂ 'ಬೇಬಿ' ಅಂತಾರೆ, ನನಗೂ 'ಬೇಬಿ, ಆ ಮೊಳೆ ವಾರೆ ಆಯ್ತು, ಕಿತ್ತು ಹೊಡಿ, ಈ ರೂಮಲ್ಲಿ ನನ್ನ ಮಗ ಮಲಗ್ತಾನೆ' ಅಂದ್ರು. ಆಮೇಲೆ ಇಡೀ ಗುಂಪು ಒಂದೊಂದು ಮೊಳೆನೂ ಅಳತೆ ನೋಡಿ ಹೊಡೀತು. ಬಂದವ್ರು ದಾನ ಮಾಡೋರು, ಅವ್ರು ತಗೊಳ್ಳೋರು ಅನ್ನೋ ಲೆಕ್ಕ ಅಲ್ಲಿರಲಿಲ್ಲ, ನನಗೆ ಇಷ್ಟ ಆಗಿದ್ದೇ ಅದು.

ಊಟ ನಾವೇ ಮಾಡ್ಕೋತಿದ್ವಿ. ನ್ಯೂ ಆರ್ಲಿಯನ್ಸಲ್ಲಿ ಸೋಮವಾರ ರೆಡ್ ಬೀನ್ಸ್ ಅನ್ನ ಮಾಡೋ ಪದ್ಧತಿ, ಸಾಸೇಜ್ ಹಾಕ್ತಾರೆ, ವೆಜ್‌ನವ್ರಿಗೆ ಬೇರೆ ಪಾತ್ರೇಲಿ ಇಟ್ಟೆ, ಒಂದು ರಾತ್ರಿ ಎಲ್ಲರಿಗೂ ಚಿತ್ರಾನ್ನ ಮಾಡ್ದೆ. ಊಟ ಆದ್ಮೇಲೆ ದಿನಾ ಕೂತು ಮಾತು, ಏನ್ ನೋಡಿದ್ವಿ, ಏನ್ ಅರ್ಥ ಆಗ್ಲಿಲ್ಲ ಅಂತ.

ಹೋಗೋರಿಗೆ ಇಷ್ಟು: ಮಾರ್ಚ್ ಟ್ರಿಪ್ ಅಂತ ಫೆಬ್ರವರಿಲಿ ಹುಡುಕ್ಬೇಡಿ, ನಮ್ಮಲ್ಲಿ ಅಪ್ಲಿಕೇಶನ್ ಸೆಪ್ಟೆಂಬರ್ ಅಕ್ಟೋಬರಲ್ಲೇ ತೆಗೀತಿದ್ರು. ಗಟ್ಟಿ ಶೂ, ಹಳೇ ಪ್ಯಾಂಟ್, ಸನ್‌ಸ್ಕ್ರೀನ್ ಇರ್ಲಿ. ಸಂಸ್ಥೆಯವ್ರು ಪೇಂಟ್ ಹೊಡಿ ಅಂದ್ರೆ ಪೇಂಟ್, ಕಸ ಎತ್ತು ಅಂದ್ರೆ ಕಸ, ಅವ್ರಿಗೆ ಬೇಕಿರೋದನ್ನ ಮಾಡಿ. ವಾಪಸ್ ಬಂದ್ಮೇಲೆ ನಿಮ್ಮ ಯೂನಿವರ್ಸಿಟಿ ಇರೋ ಊರಲ್ಲೂ ಹ್ಯಾಬಿಟಾಟ್ ಇದ್ಯಾ ನೋಡಿ, ನಮ್ಮ ಗುಂಪಲ್ಲಿ ಕೆಲವ್ರು ಈಗ್ಲೂ ಶನಿವಾರ ಬೆಳಿಗ್ಗೆ ಇಲ್ಲಿನ ಸೈಟಿಗೆ ಹೋಗ್ತಾರೆ, ಜಾಗ ಖಾಲಿ ಇದೆ, ಬರೋರು ಬನ್ನಿ.