ಕೆಟ್ಟ ಕನಸನ್ನು ಹಗಲಿನಲ್ಲಿ ತಿದ್ದಿದ ನನ್ನ ಅನುಭವ

ನನ್ನ ಮೇಲೆ ಏನು ದೌರ್ಜನ್ಯವಾಯಿತು, ಯಾರಿಂದ ಆಯಿತು ಎಂದು ಇಲ್ಲಿ ಬರೆಯುವುದಿಲ್ಲ. ಅದೇ ದಾರಿಯಲ್ಲಿ ಬಂದವರಿಗೆ ಆ ವಿವರ ಬೇಕಾಗಿಯೂ ಇಲ್ಲ. ಕೋರ್ಟು ಮುಗಿಯಿತು, ನೌಕರಿ ಸಿಕ್ಕಿತು, ಮದುವೆಯೂ ಆಯಿತು. ರಾತ್ರಿಗಳು ಮಾತ್ರ ಹತ್ತು ಹನ್ನೆರಡು ವರ್ಷ ಹಾಗೆಯೇ ಉಳಿದವು. ವಾರದಲ್ಲಿ ನಾಲ್ಕೈದು ಸಲ ನಸುಕಿನ ಮೂರರ ಹೊತ್ತಿಗೆ ಕೆಟ್ಟ ಕನಸು ಕಂಡು ಬೆವತು ಎದ್ದು ಕೂರುತ್ತಿದ್ದೆ. ಚಿಲಕ ನೋಡಿ ಬಂದು ಮಲಗಿದರೆ, ಮತ್ತೆ ಎದ್ದು ಅದೇ ಚಿಲಕವನ್ನು ನೋಡುವುದು.

ಸುರಿದ ಹಣಕ್ಕೆ ಲೆಕ್ಕವಿಟ್ಟಿಲ್ಲ. ಅರವತ್ತು ಎಪ್ಪತ್ತು ಸಾವಿರಕ್ಕೆ ಕಡಿಮೆಯಿಲ್ಲ. ನಿದ್ದೆಯ ಮಾತ್ರೆ ನುಂಗಿದರೆ ಕನಸು ನಿಲ್ಲುತ್ತಿರಲಿಲ್ಲ, ಅದರಿಂದ ಎಚ್ಚರವಾಗುವುದಷ್ಟೇ ತಡವಾಗುತ್ತಿತ್ತು. ಅದು ಇನ್ನೂ ಘೋರ. ಅವ್ವ ತಾಯಿತ ಕಟ್ಟಿಸಿದಳು. ಬಾಗಿಲಿಗೆ ಕ್ಯಾಮೆರಾ ಹಾಕಿಸಿದೆವು. ಆಮೇಲೆ ರಾತ್ರಿಯಿಡೀ ಮೊಬೈಲಿನಲ್ಲಿ ಆ ಕ್ಯಾಮೆರಾ ನೋಡುವುದೇ ಕೆಲಸವಾಯಿತು.

ಕನಸನ್ನು ಹಗಲಿನಲ್ಲಿ ಬರೆದು, ಬೇಕಾದಲ್ಲಿ ಬದಲಿಸಿ, ಬದಲಿಸಿದ್ದನ್ನೇ ದಿನವೂ ಹತ್ತು ಹದಿನೈದು ನಿಮಿಷ ಕಣ್ಣು ಮುಚ್ಚಿ ನೋಡಬೇಕೆಂದು ಹೇಳಿಕೊಟ್ಟವರು ಒಬ್ಬ ಆಪ್ತಸಮಾಲೋಚಕಿ. ಅಮೆರಿಕದಲ್ಲಿ ಲೈಂಗಿಕ ದೌರ್ಜನ್ಯಕ್ಕೆ ಒಳಗಾಗಿದ್ದ 168 ಮಹಿಳೆಯರ ಮೇಲೆ ಈ ಅಭ್ಯಾಸದ ಪ್ರಯೋಗ ನಡೆದು, 2001ರಲ್ಲಿ ಅದರ ಫಲಿತಾಂಶ ಪ್ರಕಟವಾಗಿತ್ತು. ಅಕ್ಕ ಇದನ್ನು ಕೇಳಿ ಸಿಟ್ಟಾದಳು: "ಮರೆತುಬಿಡು ಎಂದು ಊರೆಲ್ಲ ಹೇಳುತ್ತಿದೆ, ನೀನು ದಿನಾ ಕೂತು ನೆನೆಸಿಕೊಳ್ಳುತ್ತೀಯಾ?" ನನ್ನವರು ಏನೂ ಹೇಳಲಿಲ್ಲ, ಆದರೆ ನಂಬಿರಲಿಲ್ಲ.

ಮೊದಲು ಕನಸಿನಲ್ಲಿ ನಾನೇ ತಿರುಗಿ ಹೊಡೆಯುವಂತೆ ಬದಲಿಸಿದೆ. ಎರಡು ವಾರ ನಿದ್ದೆ ಇನ್ನಷ್ಟು ಕೆಟ್ಟಿತು. ಹೊಡೆದಾಟ ಗೆದ್ದರೂ ಮೈ ಬಿಗಿದೇ ಇರುತ್ತಿತ್ತು. ಆಗ ಸಣ್ಣ ಕನಸೊಂದನ್ನು ಹಿಡಿದೆ. ಖಾಲಿ ಬಸ್ಸು, ತೆರೆಯದ ಬಾಗಿಲು, ನಾನೊಬ್ಬಳೇ. ಆ ಬಸ್ಸನ್ನು ಬನದ ಹುಣ್ಣಿಮೆಗೆ ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ಹೊರಡಿಸಿದೆ. ಕಾಲಿಡಲು ಜಾಗವಿಲ್ಲದಷ್ಟು ಹೆಂಗಸರು, ತೊಡೆಯ ಮೇಲೆ ಬುತ್ತಿಯ ಗಂಟು, ಬಿಚ್ಚಿದ ರೊಟ್ಟಿ, ಶೇಂಗಾ ಚಟ್ನಿಯ ವಾಸನೆ, "ಉಧೋ ಉಧೋ" ಎನ್ನುವ ಗದ್ದಲ. ಯಾರೋ ಅಜ್ಜಿ ತನ್ನ ಚೀಲವನ್ನು ನನ್ನ ಕೈಗೆ ಕೊಟ್ಟು "ಹಿಡಿ ತಂಗಿ" ಎನ್ನುತ್ತಾಳೆ. ವಾಸನೆ, ಕೈಯಲ್ಲಿ ಭಾರ, ಈ ಎರಡು ಸೇರಿದ ಮೇಲೆಯೇ ಹೊಸ ಕನಸು ಮನಸ್ಸಿನಲ್ಲಿ ನೆಲೆ ನಿಂತಿತು. ಇದನ್ನು ನನಗೆ ಯಾರೂ ಹೇಳಿಕೊಟ್ಟಿದ್ದಲ್ಲ, ನಾನೇ ಕಂಡುಕೊಂಡದ್ದು. ಆ ಆಪ್ತಸಮಾಲೋಚಕಿ ಈಗ ಬೇರೆಯವರಿಗೂ ಇದನ್ನು ಹೇಳುತ್ತಾರೆ.

ನಡುವೆ, ನಿದ್ದೆಗೆ ಒಳ್ಳೆಯದೆಂದು ಕೇಳಿ, ಭಾರದ ಹೊದಿಕೆಯ ಪ್ರಯೋಗವೂ ಆಯಿತು. ಆನ್‌ಲೈನಿನಲ್ಲಿ ಐದಾರು ಸಾವಿರ ಎಂದಾಗ, ಹಳೆಯ ಕೌದಿಗೆ ಚೌಕ ಚೌಕವಾಗಿ ಹೊಲಿಗೆ ಹಾಕಿ ಜೋಳ ತುಂಬಿದೆ. ಮಳೆಗಾಲದಲ್ಲಿ ಹುಳ ಹಿಡಿಯಿತು. ತೊಳೆದು ಒಣಗಿಸಿದ ಮರಳು ತುಂಬಿದ್ದು ಇಂದಿಗೂ ಇದೆ. ಕಾಲಿನ ಮೇಲಷ್ಟೇ ಹಾಕಿಕೊಳ್ಳುತ್ತೇನೆ, ಎದೆಯ ಮೇಲೆ ಭಾರ ನನಗಾಗದು.

ಮೂರು ತಿಂಗಳಿಗೆ ಕನಸು ವಾರಕ್ಕೊಮ್ಮೆಗೆ ಇಳಿಯಿತು, ಈಗ ತಿಂಗಳಿಗೆ ಒಂದೋ ಎರಡೋ. ಘಟನೆ ನಡೆದ ತಿಂಗಳು ಬಂದಾಗ ಹೆಚ್ಚುತ್ತದೆ. ಅದಕ್ಕೆ ಹತ್ತು ದಿನ ಮೊದಲೇ ಅಭ್ಯಾಸ ಶುರು ಮಾಡುತ್ತೇನೆ. ಅಕ್ಕನ ಮಗಳ ಮದುವೆಯಲ್ಲಿ ಛತ್ರದ ಹಾಲಿನಲ್ಲಿ, ಬಾಗಿಲು ತೆರೆದೇ ಇದ್ದರೂ, ಬೆಳಗಿನವರೆಗೆ ಮಲಗಿದೆ. ಅಕ್ಕ ಅಂದಿನಿಂದ ವಾದ ಬಿಟ್ಟಿದ್ದಾಳೆ.

ದೊಡ್ಡ ಕನಸನ್ನು ಹೇಗೆ ಬದಲಿಸಿದೆ ಎಂದು ಹಲವರು ಕೇಳಿದ್ದಾರೆ. ಅದನ್ನು ಯಾರಿಗೂ ಹೇಳಿಲ್ಲ, ಹೇಳುವುದೂ ಇಲ್ಲ. ನೀವು ನಿಮ್ಮ ದೊಡ್ಡ ಕನಸಿಗೇ ಮೊದಲು ಕೈ ಹಾಕಬೇಡಿ, ಒಬ್ಬರೇ ಅಂತೂ ಬೇಡ. ಖಾಸಗಿ ಆಪ್ತಸಮಾಲೋಚನೆಗೆ ನಾನು ಒಂದು ಭೇಟಿಗೆ ಸಾವಿರ, ಸಾವಿರದ ಇನ್ನೂರು ಕೊಟ್ಟೆ. ಅಷ್ಟು ಆಗದಿದ್ದರೆ ಧಾರವಾಡದ ಡಿಮ್ಹಾನ್ಸ್, ಬೆಂಗಳೂರಿನ ನಿಮ್ಹಾನ್ಸ್ ಎಂಬ ಸರ್ಕಾರಿ ಮಾನಸಿಕ ಆರೋಗ್ಯ ಆಸ್ಪತ್ರೆಗಳು ಇವೆ. ನಡುರಾತ್ರಿ ತಡೆಯಲಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ಅದು ಉಚಿತ, ಕನ್ನಡದಲ್ಲೇ ಮಾತನಾಡುತ್ತಾರೆ.